ರಬ್ಬರಿಗೆ ಹರಿದ ಹಾಳೆ: ಹೂವಿನ ಚಿತ್ರ ಕಲಿಸಲು ಹೋಗಿ ನಾನು ಕಲಿತದ್ದು

ಹತ್ತನೇ ತರಗತಿಯ ಸಂತಾನೋತ್ಪತ್ತಿ ಘಟಕದಲ್ಲಿ ಹೂವಿನ ನೀಳಛೇದದ ಚಿತ್ರವಿದೆ. ಬೋಧನಾಭ್ಯಾಸದ ಎರಡನೇ ವಾರ ಆ ಪಾಠ ನನ್ನ ಪಾಲಿಗೆ ಬಂತು. ನಾಲ್ಕು ವರ್ಷಗಳಿಂದ ಹವ್ಯಾಸಕ್ಕೆಂದು ಪೆನ್ಸಿಲ್ ಚಿತ್ರ ಬಿಡಿಸುತ್ತಿರುವ ನನಗೆ ಇದು ಸುಲಭದ ಪಾಠ ಎಂದೇ ಎಣಿಸಿದ್ದೆ.

ತರಗತಿಯಲ್ಲಿ ನಡೆದದ್ದು

ದಾಸವಾಳದ ಹೂಗಳನ್ನು ಉದ್ದಕ್ಕೆ ಸೀಳಿ, ಬೆಂಚಿಗೊಂದರಂತೆ ಕೊಟ್ಟು, ‘ಕಂಡದ್ದನ್ನು ಬಿಡಿಸಿ’ ಎಂದೆ. ದಾಸವಾಳದಲ್ಲಿ ಕೇಸರಗಳ ದಂಡುಗಳು ಒಂದಕ್ಕೊಂದು ಕೂಡಿ ಕೊಳವೆಯಾಗಿರುತ್ತವೆ. ಶಲಾಕಾನಳಿಕೆ ಆ ಕೊಳವೆಯೊಳಗಿಂದಲೇ ಹಾದು ಹೊರಬಂದು, ತುದಿಯಲ್ಲಿ ಐದಾಗಿ ಕವಲೊಡೆಯುತ್ತದೆ. ಆದರೆ ಹೆಚ್ಚಿನವರು ಬಿಡಿಸಿದ್ದು ಪಠ್ಯಪುಸ್ತಕದ ಹೂವನ್ನು: ನಡುವೆ ಶಲಾಕೆ, ಎರಡೂ ಬದಿಗೆ ಬಿಡಿಬಿಡಿ ಕೇಸರಗಳು. ಹೂ ಕಣ್ಣೆದುರೇ ಇತ್ತು. ಕೈ ಮಾತ್ರ ನೆನಪಿನಲ್ಲಿದ್ದುದನ್ನು ಬಿಡಿಸುತ್ತಿತ್ತು.

ಹಿಂದಿನ ಬೆಂಚಿನ ಒಬ್ಬಳು ಹುಡುಗಿಗೆ ಮಾತ್ರ ತನ್ನ ಚಿತ್ರಕ್ಕೂ ಹೂವಿಗೂ ಹೊಂದುತ್ತಿಲ್ಲವೆಂದು ತಿಳಿಯಿತು. ಅಳಿಸಿದಳು, ಬಿಡಿಸಿದಳು, ಮತ್ತೆ ಅಳಿಸಿದಳು. ನಾಲ್ಕನೇ ಸಲ ಹಾಳೆ ಹರಿಯಿತು. ‘ಮಿಸ್, ನಂಗೆ ಚಿತ್ರ ಬರಲ್ಲ. ನೀವೇ ಬಿಡಿಸಿಕೊಡಿ’ ಎಂದಳು. ಕಣ್ಣಲ್ಲಿ ನೀರಿತ್ತು. ನಾನು ಪೆನ್ಸಿಲ್ ತೆಗೆದುಕೊಂಡು ಎರಡೇ ನಿಮಿಷದಲ್ಲಿ ಬಿಡಿಸಿಕೊಟ್ಟೆ. ಅಕ್ಕಪಕ್ಕದವರು ಬಗ್ಗಿ ನೋಡಿ ‘ಸೂಪರ್ ಮಿಸ್’ ಎಂದರು. ನನಗೆ ಹೆಮ್ಮೆಯೂ ಆಯಿತು.

ವೀಕ್ಷಣೆಗೆ ಬಂದಿದ್ದ ಅಧ್ಯಾಪಕರು ನನ್ನ ಪಾಠಯೋಜನೆಯ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ಚಿತ್ರ ಚೆನ್ನಾಗಿದೆ. ಕಲಿತವರು ಯಾರು?’ ಮರುದಿನ ಅದೇ ಚಿತ್ರವನ್ನು ಪುಸ್ತಕ ಮುಚ್ಚಿ ಬಿಡಿಸಲು ಹೇಳಿದಾಗ ಉತ್ತರ ಸಿಕ್ಕಿತು. ಆ ಹುಡುಗಿಯ ಹಾಳೆಯಲ್ಲಿ ಶೀರ್ಷಿಕೆಯ ಹೊರತು ಏನೂ ಇರಲಿಲ್ಲ.

ನನ್ನದೇ ಹಳೆಯ ಪುಸ್ತಕ

ಆ ಸಂಜೆ ನನ್ನ ಹಳೆಯ ಚಿತ್ರದ ಪುಸ್ತಕಗಳನ್ನು ತೆಗೆದೆ. ಮೊದಲ ವರ್ಷ ಬಿಡಿಸಿದ್ದೆಲ್ಲ ನನಗೆ ಚೆಂದವಾಗಿಯೇ ಕಾಣುತ್ತಿತ್ತು. ಎರಡನೇ ವರ್ಷ ಅಜ್ಜಿಯ ಕೈಗಳನ್ನು ಬಿಡಿಸತೊಡಗಿದಾಗ ಯಾವುದೂ ಸರಿಯೆನಿಸದೆ, ಮೂರು ತಿಂಗಳು ಪೆನ್ಸಿಲ್ ಮುಟ್ಟಿರಲಿಲ್ಲ. ಈಗ ಪಕ್ಕಪಕ್ಕ ಇಟ್ಟು ನೋಡಿದರೆ, ನಾನು ಬೈದುಕೊಂಡಿದ್ದ ಎರಡನೇ ವರ್ಷದ ಚಿತ್ರಗಳೇ ಮೇಲು. ಕೈ ಕೆಟ್ಟಿರಲಿಲ್ಲ, ಕಣ್ಣು ಕೈಗಿಂತ ಮುಂದೆ ಹೋಗಿತ್ತು. ತಪ್ಪು ಕಾಣತೊಡಗಿದ್ದೇ ಬೆಳವಣಿಗೆ. ಆ ಹುಡುಗಿಗೂ ಆದದ್ದು ಅದೇ. ತರಗತಿಯಲ್ಲಿ ಹೂವನ್ನು ನಿಜವಾಗಿ ನೋಡಿದವಳು ಅವಳೇ. ನಾನು ಅವಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಿದ್ದೆ.

ಬೆಟ್ಟಿ ಎಡ್ವರ್ಡ್ಸ್ 1979ರಲ್ಲಿ ಪ್ರಕಟಿಸಿದ ಚಿತ್ರಕಲೆಯ ಪುಸ್ತಕದಲ್ಲಿ ಈ ಘಟ್ಟದ ವಿವರಣೆ ಇದೆ. ಸುಮಾರು ಹತ್ತರ ವಯಸ್ಸಿಗೆ ಮಕ್ಕಳಿಗೆ ಇದ್ದದ್ದನ್ನು ಇದ್ದಂತೆ ಬಿಡಿಸುವ ಆಸೆ ಹುಟ್ಟುತ್ತದೆ. ಕೈ ಸಹಕರಿಸದಾಗ ಬಹಳ ಮಂದಿ ಅಲ್ಲಿಗೇ ನಿಲ್ಲಿಸುತ್ತಾರೆ. ಮೆದುಳಿನ ಎಡಭಾಗ, ಬಲಭಾಗಗಳ ಬಗ್ಗೆ ಆ ಪುಸ್ತಕ ಹೇಳುವುದನ್ನು ಇಂದಿನ ವಿಜ್ಞಾನ ಅಷ್ಟು ಸರಳವಾಗಿ ಒಪ್ಪುವುದಿಲ್ಲ. ಆದರೆ ಅದರಲ್ಲಿರುವ ತಲೆಕೆಳಗಾದ ಚಿತ್ರದ ಅಭ್ಯಾಸ ನನಗೆ ಉಪಯೋಗಕ್ಕೆ ಬಂತು.

ಮರುಬೋಧನೆ

ಮುಂದಿನ ಅವಧಿಗೆ ಪಾಠಯೋಜನೆಯನ್ನು ಹೀಗೆ ಬದಲಿಸಿದೆ:

1. ಮೊದಲ ಐದು ನಿಮಿಷ ರಬ್ಬರ್ ಬಳಸುವಂತಿಲ್ಲ. ತಪ್ಪಿದ ಗೆರೆ ಇರಲಿ, ಪಕ್ಕದಲ್ಲೇ ಸರಿಯಾದ ಗೆರೆ ಎಳೆಯಬೇಕು.

2. ಹೂವನ್ನು ತಲೆಕೆಳಗಾಗಿ ಇಟ್ಟು ಬಿಡಿಸಬೇಕು. ಆಗ ನೆನಪಿನ ಹೂ ನೆರವಿಗೆ ಬರುವುದಿಲ್ಲ, ನೋಡಲೇಬೇಕಾಗುತ್ತದೆ.

3. ‘ಸರಿಯಿಲ್ಲ’ ಎಂದರೆ ಸಾಲದು. ಎಲ್ಲಿ ಸರಿಯಿಲ್ಲ ಎಂದು ಬೆರಳಿಟ್ಟು ತೋರಿಸಬೇಕು. ನಾನು ಪ್ರಶ್ನೆ ಮಾತ್ರ ಕೇಳುತ್ತೇನೆ: ‘ಕೊಳವೆ ದಳಕ್ಕಿಂತ ಉದ್ದವೋ, ಗಿಡ್ಡವೋ?’ ‘ಕೇಸರ ಎಲ್ಲಿಂದ ಹೊರಡುತ್ತದೆ?’ ಪೆನ್ಸಿಲ್ ಮುಟ್ಟುವುದಿಲ್ಲ.

4. ಮೊದಲ ಚಿತ್ರವನ್ನು ಹರಿಯದೆ, ಎರಡನೆಯದರ ಪಕ್ಕದಲ್ಲಿ ಅಂಟಿಸಬೇಕು.

ಪೆನ್ಸಿಲ್ ಮುಟ್ಟದಿರುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಆ ಹುಡುಗಿ ಈ ಸಲವೂ ‘ನೀವೇ ಬಿಡಿಸಿ ಮಿಸ್’ ಎಂದಳು. ‘ಎಲ್ಲಿ ತಪ್ಪಿದೆ, ತೋರಿಸು’ ಎಂದೆ. ಸ್ವಲ್ಪ ಹೊತ್ತು ನೋಡಿ, ‘ಕೇಸರ ಕೊಳವೆಯ ಮೇಲೇ ಇದೆ, ನಾನು ಕೆಳಗಿಂದ ಎಳ್ದಿದೀನಿ’ ಎಂದಳು. ಅವಳ ಎರಡನೇ ಚಿತ್ರ ಸೊಟ್ಟಗಿತ್ತು, ಆದರೆ ಅದು ದಾಸವಾಳವಾಗಿತ್ತು. ಪಠ್ಯದ ಚಿತ್ರಕ್ಕೂ ಇದಕ್ಕೂ ಏಕೆ ವ್ಯತ್ಯಾಸ ಎಂಬ ಪ್ರಶ್ನೆಯೂ ಅವಳಿಂದಲೇ ಬಂತು. ಹೆಚ್ಚಿನ ಹೂಗಳಿಗೆ ಸಾಮಾನ್ಯವಾದ ಭಾಗಗಳನ್ನು ತೋರಿಸುವ ಮಾದರಿ ಅದು ಎಂದು ವಿವರಿಸಲು ನನಗೆ ಒಳ್ಳೆಯ ಅವಕಾಶ ಸಿಕ್ಕಿತು.

ಎಚ್ಚರಿಕೆಯ ಮಾತು

ಎಲ್ಲರಿಗೂ ಇದು ಫಲಿಸಲಿಲ್ಲ. ಮೂವರು ಹುಡುಗರು ತಲೆಕೆಳಗಾದ ಹೂ ನೋಡಿ ಗೊಂದಲಕ್ಕೆ ಬಿದ್ದು ಕೈಚೆಲ್ಲಿದರು. ಅವರಿಗೆ ಭಾಗಗಳೇ ಗುರುತು ಸಿಕ್ಕಿರಲಿಲ್ಲ. ತಪ್ಪು ಎಲ್ಲಿದೆಯೆಂದು ಕಾಣುವ ಮಗುವಿನ ಚಡಪಡಿಕೆ ಬೇರೆ, ಏನೂ ತೋಚದ ಮಗುವಿನ ಚಡಪಡಿಕೆ ಬೇರೆ. ವೈಗೋಟ್‌ಸ್ಕಿಯ ‘ಸಮೀಪ ವಿಕಾಸ ವಲಯ’ವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ, ಅದರ ಗಡಿ ಎಲ್ಲಿದೆಯೆಂದು ಅಂದು ಕಂಡೆ. ಮೊದಲನೆಯವರಿಗೆ ಸಮಯ ಕೊಡಬೇಕು, ಎರಡನೆಯವರಿಗೆ ನೆರವು ಕೊಡಬೇಕು. ಮುಂದಿನ ಸಲ ಆ ಮೂವರಿಗೆ ಹೂವಿನ ಭಾಗಗಳನ್ನು ಮೊದಲು ಬಿಡಿಸಿ ಕಾಗದದ ಮೇಲೆ ಜೋಡಿಸಲು ಹೇಳುವೆ.

ನನ್ನ ಚಿತ್ರದ ಪುಸ್ತಕವನ್ನೂ ಈಗ ಮತ್ತೆ ತೆರೆದಿದ್ದೇನೆ. ಅಜ್ಜಿಯ ಹೆಬ್ಬೆರಳು ಇನ್ನೂ ಸರಿಬಂದಿಲ್ಲ. ಎಲ್ಲಿ ತಪ್ಪಿದೆ ಎಂದು ಮಾತ್ರ ಬೆರಳಿಟ್ಟು ತೋರಿಸಬಲ್ಲೆ.