ಹಳೆಯ ಜೀಪಿನ ಟ್ರಾನ್ಸ್‌ಫರ್ ಕೇಸಿಗೆ ಯಾವ ಆಯಿಲ್ ಹಾಕಬೇಕು?

ಗಂಗಾವತಿಯ ಕಾಲುವೆ ಬದಿಯ ಕೆಸರಿರಲಿ, ಕುಷ್ಟಗಿ, ಯಲಬುರ್ಗಾ ಕಡೆಯ ಎರೆಹೊಲದ ಹಾದಿಯಿರಲಿ, ಮಳೆಗಾಲದಲ್ಲಿ ನಾಲ್ಕೂ ಗಾಲಿ ಎಳೆಯುವ ಜೀಪಿನ ಉಪಯೋಗ ರೈತರಿಗೆ ಗೊತ್ತಿದ್ದದ್ದೇ. ಆದರೆ ಎಂಜಿನ್ ಆಯಿಲನ್ನು ತಪ್ಪದೆ ಬದಲಿಸುವವರೂ ಟ್ರಾನ್ಸ್‌ಫರ್ ಕೇಸನ್ನು ಮರೆಯುವುದುಂಟು. ನೆನಪಾದಾಗ ಅಂಗಡಿಯಲ್ಲಿ ಸಿಕ್ಕ ಆಯಿಲ್ ಸುರಿಯುವುದೂ ಉಂಟು. ಕೇಸು ಕೆಟ್ಟರೆ ಬಿತ್ತನೆಯ ಹದದಲ್ಲಿಯೇ ಗಾಡಿ ನಿಂತೀತು. ಆದ್ದರಿಂದ ಈ ವಿಷಯವನ್ನು ತಿಳಿದಿರುವುದು ಒಳ್ಳೆಯದು.

ಕೇಸಿನೊಳಗೆ ಏನಿದೆ?

ಗೇರ್ ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. 1940ರ ದಶಕದ ಕೊನೆಯಿಂದ ಮಹೀಂದ್ರಾ ಕಂಪನಿ ನಮ್ಮ ದೇಶದಲ್ಲಿ ಜೋಡಿಸಿದ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಈ ಕೇಸಿನೊಳಗೆ ಹಲ್ಲುಗಾಲಿಗಳಿವೆ. ಇದಕ್ಕೆ ಗೇರ್ ಆಯಿಲೇ ಬೇಕು. ನಂತರದ ಕೆಲವು ವಾಹನಗಳಲ್ಲಿ ಒಳಗೆ ಉಕ್ಕಿನ ಸರಪಳಿ ಇರುತ್ತದೆ. ಇಂಥವುಗಳಲ್ಲಿ ಹಲವಕ್ಕೆ ಎಟಿಎಫ್ ಎಂಬ ತೆಳುವಾದ, ಸಾಮಾನ್ಯವಾಗಿ ಕೆಂಪು ಬಣ್ಣದ ಆಯಿಲ್ ಹೇಳಿರುತ್ತಾರೆ. ಒಂದರ ಆಯಿಲನ್ನು ಇನ್ನೊಂದಕ್ಕೆ ಹಾಕಬಾರದು. ವಾಹನದ ಕೈಪಿಡಿಯ ಮಾತೇ ಕೊನೆಯ ಮಾತು.

ಡಬ್ಬಿಯ ಮೇಲಿನ ಅಂಕಿಗಳು

ಎಸ್‌ಎಇ 90 ಎಂಬುದು ಆಯಿಲ್‌ನ ಮಂದತೆಯನ್ನು ತೋರಿಸುವ ಅಂಕಿ. ಎಂಜಿನ್ ಆಯಿಲ್ 40 ಆದರೆ ಗೇರ್ ಆಯಿಲ್ 90 ಅದರ ಎರಡು ಪಟ್ಟಿಗಿಂತ ಮಂದ ಎಂದು ತಿಳಿಯುವುದು ಸರಿಯಲ್ಲ. ಸೇರು ಬೇರೆ, ಕಿಲೋ ಬೇರೆ ಇದ್ದಂತೆ ಇವೆರಡರ ಅಳತೆಗಳೂ ಬೇರೆ. ಬಿಸಿಯಾದಾಗ ಗೇರ್ ಆಯಿಲ್ 90ರ ಮಂದತೆ ಎಂಜಿನ್ ಆಯಿಲ್ 40 ಅಥವಾ 50ರ ಆಸುಪಾಸಿನಲ್ಲಿಯೇ ಇರುತ್ತದೆ. 80ಡಬ್ಲ್ಯು-90 ಎಂದಿದ್ದರೆ ಅದು ಚಳಿಯಲ್ಲಿ ಸುಲಭವಾಗಿ ಹರಿದು, ಬಿಸಿಯಲ್ಲಿ 90ರಂತೆ ಕೆಲಸ ಮಾಡುತ್ತದೆ. ವಿಲ್ಲಿಸ್ ಮಾದರಿಯ ಕೇಸಿಗೆ ಇವೆರಡರಲ್ಲಿ ಯಾವುದಾದರೂ ನಡೆಯುತ್ತದೆ.

ಜಿಎಲ್-4, ಜಿಎಲ್-5 ಎಂಬುವು ಹಲ್ಲುಗಳ ಮೇಲಿನ ಒತ್ತಡವನ್ನು ತಡೆಯುವ ಶಕ್ತಿಯ ದರ್ಜೆಗಳು. ಜಿಎಲ್-5ರಲ್ಲಿ ಗಂಧಕ, ರಂಜಕಗಳ ಮಿಶ್ರಣ ಹೆಚ್ಚು. ಅದು ಆಕ್ಸಲ್‌ನ ಕ್ರೌನ್ ಪಿನಿಯನ್‌ಗೆ ಅವಶ್ಯಕ. ಆದರೆ ಕೆಲವು ಜಿಎಲ್-5 ಆಯಿಲ್‌ಗಳು ಗೇರ್ ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನ ಹಿತ್ತಾಳೆ, ಕಂಚಿನ ಭಾಗಗಳನ್ನು ನಿಧಾನವಾಗಿ ತಿನ್ನುತ್ತವೆ. ಆದ್ದರಿಂದ ಆಕ್ಸಲ್‌ಗೆ ಜಿಎಲ್-5, ಹಳೆಯ ಗೇರ್ ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿಗೆ ಜಿಎಲ್-4 ಎಂದು ನೆನಪಿಡಬೇಕು. ಇವೆರಡರ ನಡುವೆ ಆಯಿಲ್ ಸರಿದಾಡುವುದುಂಟು. ಎರಡಕ್ಕೂ ಒಂದೇ ಜಾತಿಯ ಆಯಿಲ್ ಹಾಕಬೇಕು.

ಸದ್ದು ಕಡಿಮೆಯಾಗಲೆಂದು ಕೆಲವರು 140ರ ಮಂದ ಆಯಿಲ್ ಹಾಕುತ್ತಾರೆ. ಸದ್ದು ಅಡಗಬಹುದು, ಆದರೆ ಸವೆದ ಬೇರಿಂಗ್ ಹಾಗೆಯೇ ಉಳಿಯುತ್ತದೆ.

ಹ್ಯಾಂಡ್ ಬ್ರೇಕಿಗೂ ಸಂಬಂಧವಿದೆ

ಹಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂಬದಿಗೇ ಇರುತ್ತದೆ. ಅಲ್ಲಿನ ಸೀಲ್ ಸವೆದರೆ ಅಥವಾ ಆಯಿಲ್ ಮಿತಿಮೀರಿ ತುಂಬಿದರೆ, ಸೋರಿದ ಆಯಿಲ್ ಬ್ರೇಕಿನ ಲೈನಿಂಗನ್ನು ನೆನೆಸುತ್ತದೆ. ಆಗ ಹ್ಯಾಂಡ್ ಬ್ರೇಕ್ ಹಿಡಿಯದು. ಇಳಿಜಾರಿನಲ್ಲಿ ಹೇರು ಹೊತ್ತು ನಿಂತ ಗಾಡಿ ಉರುಳಿದರೆ ಪ್ರಾಣಕ್ಕೇ ಅಪಾಯ. ಡ್ರಮ್ಮಿನ ಸುತ್ತ ಜಿಡ್ಡು ಕಂಡರೆ ಕೂಡಲೇ ಸೀಲ್ ಬದಲಿಸಿ, ನೆನೆದ ಲೈನಿಂಗ್ ತೆಗೆಸಿ ಹೊಸದನ್ನು ಹಾಕಿಸಬೇಕು.

ನೀರು ಹೊಕ್ಕರೆ

ಓಡಿ ಬಿಸಿಯಾದ ಕೇಸು ಕಾಲುವೆಯ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಕಿಂಡಿ ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆಯೆಂದೇ ಅರ್ಥ. ಅಂಥ ಆಯಿಲನ್ನು ಒಂದು ದಿನವೂ ಇಟ್ಟುಕೊಳ್ಳಬಾರದು.

ಬದಲಿಸುವ ಕ್ರಮ

1. ಗಾಡಿಯನ್ನು ಸ್ವಲ್ಪ ದೂರ ಓಡಿಸಿ, ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಗಾಲಿಗಳಿಗೆ ಕಲ್ಲು ಕೊಡಿರಿ.

2. ಮೊದಲು ಆಯಿಲ್ ತುಂಬುವ ಮೇಲಿನ ಪ್ಲಗ್ ಬಿಚ್ಚಿರಿ, ಅನಂತರ ಕೆಳಗಿನದು. ಮೇಲಿನದು ಬಿಚ್ಚಲು ಬಾರದಿದ್ದರೆ, ಖಾಲಿ ಮಾಡಿದ ಕೇಸನ್ನು ಮತ್ತೆ ತುಂಬುವ ದಾರಿಯೇ ಇರುವುದಿಲ್ಲ.

3. ಇಳಿದ ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡಿರಿ. ಬೂದಿಯಂಥ ನುಣ್ಣನೆಯ ಪುಡಿ ಸಹಜ. ಕಣ್ಣಿಗೆ ಕಾಣುವ ಚೂರುಗಳಿದ್ದರೆ ಮೆಕ್ಯಾನಿಕ್‌ಗೆ ತೋರಿಸಿರಿ.

4. ಗಾಳಿ ಕಿಂಡಿಯನ್ನು ಸ್ವಚ್ಛ ಮಾಡಿರಿ.

5. ಕೆಳಗಿನ ಪ್ಲಗ್ ಬಿಗಿದು, ಮೇಲಿನ ತೂತಿನ ಕೆಳಅಂಚಿನವರೆಗೆ ಮಾತ್ರ ಆಯಿಲ್ ತುಂಬಿರಿ. ವಿಲ್ಲಿಸ್ ಮಾದರಿಗೆ ಸುಮಾರು ಒಂದೂವರೆ ಲೀಟರ್ ಸಾಕು.

ತೆಗೆದ ಆಯಿಲನ್ನು ಹೊಲಕ್ಕಾಗಲಿ, ಕಾಲುವೆಗಾಗಲಿ ಚೆಲ್ಲಬಾರದು. ಡಬ್ಬಿಯಲ್ಲಿ ತುಂಬಿ ಹಳೆಯ ಆಯಿಲ್ ಕೊಳ್ಳುವವರಿಗೆ ಕೊಡಬೇಕು. ಹಾಕಿದ ಆಯಿಲ್‌ನ ಅಂಕಿ, ದರ್ಜೆ, ದಿನಾಂಕಗಳನ್ನು ಜೀಪಿನ ಬಾನೆಟ್ ಒಳಬದಿಗೆ ಬಣ್ಣದಲ್ಲಿ ಬರೆದಿಟ್ಟರೆ ಮುಂದಿನ ಸಲ ಯಾರು ಬದಲಿಸಿದರೂ ತಪ್ಪಾಗದು.