ವಿಜ್ಞಾನಿ ದೂರ, ಫೋನು ಹತ್ತಿರ: ಕೇಳುವುದು ಹೇಗೆ?

"ಭತ್ತ ಹಳದಿ ಆಗಿದೆ, ಏನು ಹೊಡೀಬೇಕು ಸಾರ್?"

ನಮ್ಮ ಕಡೆಯಿಂದ ಫೋನಿನಲ್ಲಿ ಹೋಗುವ ಪ್ರಶ್ನೆಗಳು ಹೆಚ್ಚಾಗಿ ಹೀಗೇ ಇರುತ್ತವೆ. ಜೊತೆಗೆ ಬದುವಿನ ಮೇಲೆ ನಿಂತು ತೆಗೆದ ಒಂದು ಫೋಟೋ. ಅದರಲ್ಲಿ ಅರ್ಧ ಆಕಾಶ, ಅರ್ಧ ಗದ್ದೆ. ಇದನ್ನು ನೋಡಿ ಆ ಕಡೆಯವರು ಏನು ಹೇಳಬೇಕು? ಸಾರಜನಕ ಕಮ್ಮಿ ಆದರೂ ಭತ್ತ ಹಳದಿ. ಸತುವಿನ ಕೊರತೆ ಇದ್ದರೂ ಹಳದಿ. ನೀರು ಬಸಿಯದೆ ಬೇರಿಗೆ ಉಸಿರು ಕಟ್ಟಿದರೂ ಹಳದಿ. ಕಂದು ಜಿಗಿಹುಳು ಬುಡದಲ್ಲಿ ಕೂತು ರಸ ಹೀರಿದರೆ ಮೊದಲು ಹಳದಿ, ಆಮೇಲೆ ಬೆಂಕಿ ಬಿದ್ದ ಹಾಗೆ ಸುಟ್ಟ ಬಣ್ಣ. ನಾಲ್ಕಕ್ಕೂ ಉಪಾಯ ಬೇರೆ ಬೇರೆ. ಮೊದಲನೆಯದಕ್ಕೆ ಯೂರಿಯಾ ಬೇಕು. ಕೊನೆಯದಕ್ಕೆ ಯೂರಿಯಾ ಕೊಟ್ಟರೆ ಹುಳುವಿಗೆ ಹಬ್ಬ.

ಫೋನಿನಲ್ಲಿ ಕೃಷಿ ಸಲಹೆ ಸಿಗುವುದು ಈಗ ಹೊಸತಲ್ಲ. ಸಿಕ್ಕಿದ ಸಲಹೆ ಕೆಲಸಕ್ಕೆ ಬರುತ್ತದೋ ಇಲ್ಲವೋ ಎನ್ನುವುದು ಮಾತ್ರ ಬಹುಪಾಲು ನಾವು ಕಳಿಸುವ ಪ್ರಶ್ನೆಯ ಮೇಲೆ ನಿಂತಿದೆ. ಈ ಪಾಠ ಅದಕ್ಕಾಗಿ.

ಆರು ಜನ, ಏಳು ತಾಲ್ಲೂಕು

ಮಂಡ್ಯ ಜಿಲ್ಲೆಗೆ ಕೃಷಿ ವಿಜ್ಞಾನ ಕೇಂದ್ರ ಇರುವುದು ವಿ.ಸಿ. ಫಾರಂನಲ್ಲಿ. ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ತಂದ ಜಾಗ ಅದು. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಅದು ಹತ್ತಿರವೇ. ಕೆ.ಆರ್. ಪೇಟೆ, ನಾಗಮಂಗಲದ ಒಳಗಿನ ಹಳ್ಳಿಯವರಿಗೆ ಹೋಗಿ ಬರುವುದು ಅಂದರೆ ಒಂದು ದಿನದ ಕೂಲಿ ಹೋಯಿತು ಅಂತ ಲೆಕ್ಕ.

ಇನ್ನೊಂದು ಲೆಕ್ಕ ನೋಡಿ. ದೇಶದ ಯಾವುದೇ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಂಜೂರಾದ ಹುದ್ದೆ 16. ಅದರಲ್ಲಿ ಮುಖ್ಯಸ್ಥರನ್ನು ಬಿಟ್ಟರೆ ವಿಷಯ ತಜ್ಞರು 6 ಜನ. ನಮ್ಮ ಜಿಲ್ಲೆಯಲ್ಲಿ ತಾಲ್ಲೂಕು 7. ಎಲ್ಲಾ ಹುದ್ದೆ ತುಂಬಿದ್ದರೂ ತಾಲ್ಲೂಕಿಗೆ ಒಬ್ಬರು ಸಿಗಲಿಲ್ಲ! ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೃಷಿ ಅಧಿಕಾರಿ ಇರುತ್ತಾರೆ ನಿಜ. ಆದರೆ ಅವರ ಮೇಜಿನ ಮೇಲೆ ಬಿತ್ತನೆ ಬೀಜದ ಸಹಾಯಧನ, ವಿಮೆ, ಬೆಳೆ ಸಮೀಕ್ಷೆ ಎಲ್ಲವೂ ಇರುತ್ತದೆ. ಗದ್ದೆಗೆ ಬಂದು ನೋಡಿ ಅಂದರೆ ಎಷ್ಟು ಗದ್ದೆಗೆ ಅಂತ ಬಂದಾರು?

ಹಿಂದೆ, 1980ರ ದಶಕದಲ್ಲಿ, 'ತರಬೇತಿ ಮತ್ತು ಭೇಟಿ' ಪದ್ಧತಿ ಇತ್ತು. ವಿಶ್ವಬ್ಯಾಂಕಿನ ಸಾಲದಲ್ಲಿ ನಡೆದ ಯೋಜನೆ. ಗ್ರಾಮ ಸಹಾಯಕರು 15 ದಿನಕ್ಕೊಮ್ಮೆ ಊರಿಗೆ ಬಂದು 'ಸಂಪರ್ಕ ರೈತ'ರಿಗೆ ಪಾಠ ಹೇಳಬೇಕು, ಅವರಿಂದ ಉಳಿದವರು ಕಲಿಯಬೇಕು. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಸಂಪರ್ಕ ರೈತ ಅಂದರೆ ಸಾಮಾನ್ಯವಾಗಿ ಊರಿನಲ್ಲಿ ಜಗಲಿ ದೊಡ್ಡದಿದ್ದವರು. ಅವರು ಕಲಿತದ್ದು ಅಲ್ಲೇ ಜಗಲಿಯ ಮೇಲೆ ಉಳಿಯಿತು. ಎರಡು ಎಕರೆಯವನ ಗದ್ದೆಗೆ ಇಳಿದದ್ದು ಕಮ್ಮಿ.

ದೂರದಿಂದ ಕಲಿಯುವುದು ನಮ್ಮ ಜನಕ್ಕೆ ಬಾರದ ವಿದ್ಯೆ ಏನಲ್ಲ. ಇದೇ ಕಾವೇರಿಯ ಕೆಳಗೆ, ತಂಜಾವೂರಿನ ರೈತರು 1960ರ ದಶಕದಲ್ಲಿ ಎಡಿಟಿ-27 ಭತ್ತವನ್ನು ರೇಡಿಯೋ ಕೇಳಿಯೇ ಬೆಳೆಯಲು ಶುರು ಮಾಡಿದರು. ಅದಕ್ಕೆ ಅವರು ಇಟ್ಟ ಹೆಸರೇ 'ರೇಡಿಯೋ ಅಕ್ಕಿ'. ಆದರೆ ರೇಡಿಯೋಗೆ ತಿರುಗಿಸಿ ಪ್ರಶ್ನೆ ಕೇಳುವ ಹಾಗಿರಲಿಲ್ಲ. ಫೋನಿಗೆ ಕೇಳಬಹುದು. ಇರುವ ದೊಡ್ಡ ಅನುಕೂಲವೇ ಅದು. ನಾವು ಅದನ್ನು ಬಿಟ್ಟು, ಬಂದದ್ದನ್ನು ಮುಂದಕ್ಕೆ ತಳ್ಳುವುದಕ್ಕೆ ಮಾತ್ರ ಫೋನು ಬಳಸುತ್ತಾ ಕೂತಿದ್ದೇವೆ.

ಸೈನಿಕ ಹುಳು ಕಲಿಸಿದ್ದು

ಮುಸುಕಿನ ಜೋಳದ ಫಾಲ್ ಸೈನಿಕ ಹುಳು ಅಮೆರಿಕ ಖಂಡದ್ದು. ಭಾರತದಲ್ಲಿ ಅದು ಮೊದಲು ಕಂಡದ್ದು ನಮ್ಮ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ಗುರುತು ಹಿಡಿದವರು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟ ವಿಜ್ಞಾನಿಗಳು. ಅದೇ ಜುಲೈ ಕೊನೆಗೆ ಬೆಂಗಳೂರಿನ ಕೀಟ ಸಂಪನ್ಮೂಲ ಸಂಸ್ಥೆಯಿಂದ ಎಚ್ಚರಿಕೆ ಹೊರಟಿತು. ಹೊಸ ಹುಳುವಾದ್ದರಿಂದ ಬೇರೆ ಜಿಲ್ಲೆಯ ತಜ್ಞರೂ ಅದನ್ನು ಫೋಟೋ ನೋಡಿಯೇ ಕಲಿಯಬೇಕಿತ್ತು. ವಿಜ್ಞಾನಿಯಿಂದ ವಿಜ್ಞಾನಿಗೆ ಸುದ್ದಿ ಬೇಗ ಹೋದರೆ ನಮಗೂ ಬೇಗ ಬರುತ್ತದೆ. ಕೃಷಿ ವಿಸ್ತರಣೆಯವರು ತಮ್ಮತಮ್ಮೊಳಗೆ ಕಲಿಯುವ ಜಾಲ ಅಂದರೆ ಇದೇ. ರೈತನ ಕಣ್ಣಿಗೆ ಅದು ಕಾಣುವುದಿಲ್ಲ, ಅಷ್ಟೆ.

ಈ ಹುಳುವನ್ನು ಗುರುತಿಸುವುದು ಸುಲಭ. ತಲೆಯ ಮುಂದೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದ ಬಿಳಿ ಗೆರೆ. ಹಿಂಭಾಗದಲ್ಲಿ, ಬಾಲಕ್ಕೆ ಸ್ವಲ್ಪ ಮುಂಚೆ, ಚೌಕಾಕಾರದಲ್ಲಿ 4 ಕಪ್ಪು ಚುಕ್ಕೆ. ಈ ಎರಡು ಗುರುತು ಕಾಣುವ ಫೋಟೋ ಕಳಿಸಿದರೆ ತಜ್ಞರಿಗೆ ಒಂದು ನಿಮಿಷದ ಕೆಲಸ. ಹರಿದ ಎಲೆಯ ಫೋಟೋ ಹತ್ತು ಕಳಿಸಿದರೂ ಪ್ರಯೋಜನ ಇಲ್ಲ. ಎಲೆ ಹರಿಯುವ ಹುಳು ಹತ್ತಾರು ಉಂಟು.

ಅದರ ಮದ್ದಿನ ಕಥೆ ಇನ್ನೂ ಸ್ವಾರಸ್ಯ. ವಿಷಪಾಷಾಣದ ಶಿಫಾರಸು ಹೀಗಿತ್ತು: 10 ಕಿಲೋ ಅಕ್ಕಿ ತೌಡಿಗೆ 2 ಕಿಲೋ ಬೆಲ್ಲ, 2-3 ಲೀಟರ್ ನೀರು ಸೇರಿಸಿ ಒಂದು ದಿನ ಹುಳಿ ಬರಲು ಬಿಡಬೇಕು. ಹಾಕುವುದಕ್ಕೆ ಅರ್ಧ ಗಂಟೆ ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಸುಳಿಯೊಳಗೆ ಬೀಳುವ ಹಾಗೆ ಹಾಕಬೇಕು. ಇದು ಬಲಿತ ದೊಡ್ಡ ಹುಳುವಿಗೆ. ಮೊಟ್ಟೆ, ಸಣ್ಣ ಮರಿ ಇರುವಾಗ ಬೇವಿನ ಬೀಜದ ಕಷಾಯ ಸಾಕು. ಇಂಥ ಸಂದೇಶ ಗುಂಪಿನಿಂದ ಗುಂಪಿಗೆ ದಾಟುವಾಗ ಒಂದೊಂದೇ ತುಂಡು ಉದುರುತ್ತದೆ. ಒಂದು ಕಡೆ 'ಹುಳಿ ಬರಲಿ' ಹೋಗುತ್ತದೆ, ಇನ್ನೊಂದು ಕಡೆ 'ಸುಳಿಗೆ' ಹೋಗಿ ಹೊಲಕ್ಕೆಲ್ಲಾ ಎರಚುವುದು ಅಂತ ಆಗುತ್ತದೆ. 'ದೊಡ್ಡ ಹುಳುವಿಗೆ' ಎಂಬ ಮಾತಂತೂ ಮೊದಲೇ ಕಳೆದುಹೋಗಿರುತ್ತದೆ. ಯಾರು ಹೇಳಿದ್ದು, ಯಾವ ತಾರೀಖು, ಯಾವ ಬೆಳೆಯ ಯಾವ ಹಂತಕ್ಕೆ, ಈ ಮೂರು ಇಲ್ಲದ ಸಂದೇಶವನ್ನು ಓದಿ ಅಲ್ಲಿಗೇ ಬಿಡುವುದು ಒಳ್ಳೆಯದು. ಔಷಧಿಯ ವಿಷಯದಲ್ಲಂತೂ ಹಳೇ ಸಂದೇಶ ನಂಬಬೇಡಿ. ಶಿಫಾರಸು ಬದಲಾಗುತ್ತದೆ, ಕೆಲವು ಔಷಧಿ ನಿಷೇಧವೂ ಆಗುತ್ತದೆ.

ಹೇಗೆ ಕೇಳಬೇಕು?

ಮೊದಲು ಬರಹ, ಆಮೇಲೆ ಫೋಟೋ. ಬರೆಯುವುದು ಕಷ್ಟ ಅನ್ನುವವರು ಬಾಯಲ್ಲೇ ಹೇಳಿ ಕಳಿಸಿ, ತೊಂದರೆ ಇಲ್ಲ. ಊರು, ಹೋಬಳಿ, ತಾಲ್ಲೂಕು. ಬೆಳೆ ಮತ್ತು ತಳಿ. ನಾಟಿ ಆಗಿ ಎಷ್ಟು ದಿನ. ನೀರು ಎಲ್ಲಿಯದು: ನಾಲೆಯೋ, ಕೆರೆಯೋ, ಬೋರೋ. ವಿಶ್ವೇಶ್ವರಯ್ಯ ನಾಲೆಯ ಬಯಲಿಗೂ ನಾಗಮಂಗಲದ ಬೆದ್ದಲಿಗೂ ಒಂದೇ ಉತ್ತರ ಹೊಂದುವುದಿಲ್ಲ. ಇಲ್ಲಿಯವರೆಗೆ ಏನೇನು ಗೊಬ್ಬರ ಹಾಕಿದ್ದೀರಿ, ಏನು ಹೊಡೆದಿದ್ದೀರಿ, ಎಷ್ಟು ದಿನ ಆಯಿತು. ಇದನ್ನು ಮುಚ್ಚಿಡಬೇಡಿ. ಎರಡು ಸಲ ಹೊಡೆದದ್ದನ್ನು ಹೇಳದಿದ್ದರೆ ಮೂರನೆಯದಕ್ಕೂ ಅದನ್ನೇ ಹೇಳುತ್ತಾರೆ, ದುಡ್ಡು ಹೋಗುವುದು ನಮ್ಮದೇ.

ಇನ್ನೊಂದು ಮುಖ್ಯ. ತೊಂದರೆ ಗದ್ದೆಯಲ್ಲಿ ಎಲ್ಲೆಲ್ಲಿ ಇದೆ? ಎಲ್ಲಾ ಕಡೆ ಒಂದೇ ಸಮ ಹಳದಿ ಇದ್ದರೆ ಗೊಬ್ಬರದ ಕಡೆ ಯೋಚನೆ ಹೋಗುತ್ತದೆ. ಅಲ್ಲಲ್ಲಿ ದುಂಡಗೆ, ತಟ್ಟೆ ಇಟ್ಟ ಹಾಗೆ ಒಣಗುತ್ತಿದ್ದರೆ ಜಿಗಿಹುಳು ಅಂತ ಅನುಮಾನ. ನೀರು ನಿಲ್ಲುವ ಮೂಲೆಯಲ್ಲಿ ಮಾತ್ರ ಇದ್ದರೆ ಬೇರಿನ ಕಡೆ ನೋಡಬೇಕು. ನೋಡಿದಿರಾ, ಹೇಳುವುದಕ್ಕೆ ಅಂತ ಗದ್ದೆ ಸುತ್ತಿ ಬಂದರೆ ಅರ್ಧ ಉತ್ತರ ನಮಗೇ ಸಿಕ್ಕಿಬಿಡುತ್ತದೆ.

ಫೋಟೋ ನಾಲ್ಕು ಸಾಕು. ದೂರದಿಂದ ಇಡೀ ತಾಕು ಒಂದು. ತೊಂದರೆ ಇರುವ ಗಿಡ ಪೂರ್ತಿ, ಪಕ್ಕದಲ್ಲೇ ಚೆನ್ನಾಗಿರುವ ಗಿಡವನ್ನೂ ಇಟ್ಟು ಒಂದು. ರೋಗ ಬಂದ ಭಾಗ ಹತ್ತಿರದಿಂದ ಒಂದು. ನಾಲ್ಕನೆಯದು ನಾವು ಯಾವಾಗಲೂ ಮರೆಯುವುದು: ಬುಡ ಮತ್ತು ಎಲೆಯ ಕೆಳಭಾಗ. ಭತ್ತವಾದರೆ ತೆಂಡೆ ಬಿಡಿಸಿ ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ತೆಗೆಯಿರಿ, ಜಿಗಿಹುಳು ಇರುವುದು ಅಲ್ಲೇ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಎಲೆಯ ನಿಜವಾದ ಬಣ್ಣ ಬರುವುದಿಲ್ಲ. ಬೆಳಿಗ್ಗೆ ತೆಗೆಯಿರಿ, ಇಲ್ಲಾ ನಿಮ್ಮ ನೆರಳು ಅಡ್ಡ ಕೊಡಿ. ಹುಳುವಿನ ಪಕ್ಕ ಬೆಂಕಿಪೊಟ್ಟಣ ಇಟ್ಟರೆ ಅದರ ಗಾತ್ರ ತಿಳಿಯುತ್ತದೆ.

ತೆಂಗಿಗೆ ಸ್ವಲ್ಪ ಬೇರೆ. ಕೆ.ಆರ್. ಪೇಟೆ, ನಾಗಮಂಗಲದವರಿಗೆ ಇದು ಮುಖ್ಯ. 1998ರ ನಂತರ ನುಸಿ ಪೀಡೆ ಬಂದಾಗ ಕಾಯಿ ಹಿಡಿದುಕೊಂಡು ಊರೂರು ತಿರುಗಿದವರು ಇದ್ದರು. ಒಬ್ಬರು ಬೇರಿಗೆ ಔಷಧಿ ಅಂದರು, ಇನ್ನೊಬ್ಬರು ಬೇವಿನೆಣ್ಣೆ ಅಂದರು. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಂಡ ಸುರುಳಿ ಬಿಳಿ ನೊಣ ಈಗ ನಮ್ಮ ತೋಟದಲ್ಲೂ ಉಂಟು. ಗರಿಯ ಮೇಲೆ ಮಸಿ ಹಿಡಿದದ್ದು ಕಂಡು ಜನ ಗಾಬರಿಯಾಗುತ್ತಾರೆ, ಮಸಿಯ ಫೋಟೋ ಕಳಿಸುತ್ತಾರೆ. ನೋಡಬೇಕಾದ್ದು ಗರಿಯ ಕೆಳಗೆ. ಅಲ್ಲಿ ಬಿಳಿ ಸುರುಳಿಯ ನಡುವೆ ಕಪ್ಪಗಾದ ಮರಿಗಳಿದ್ದರೆ ಎನ್ಕಾರ್ಸಿಯಾ ಎಂಬ ಸಣ್ಣ ಕಣಜ ಆಗಲೇ ಕೆಲಸ ಶುರು ಮಾಡಿದೆ ಅಂತ ಅರ್ಥ. ಆಗ ವಿಷ ಹೊಡೆದರೆ ನೊಣಕ್ಕಿಂತ ಮೊದಲು ಸಾಯುವುದು ಕಣಜ. 'ಏನೂ ಹೊಡೀಬೇಡಿ' ಎಂಬ ಉತ್ತರ ಬಂದರೆ ನಮಗೆ ಸಮಾಧಾನ ಆಗುವುದಿಲ್ಲ, ವಿಜ್ಞಾನಿಗೆ ಗೊತ್ತಿಲ್ಲ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದೇ ಅತ್ಯಂತ ಬೆಲೆಬಾಳುವ ಸಲಹೆ.

ಗುಂಪು ಯಾಕೆ ಸಾಯುತ್ತದೆ?

ಕೃಷಿ ಕಾಲೇಜಿನ ಕೊನೇ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಅಂತ ಹಳ್ಳಿಗೆ ಬಂದು ಉಳಿಯುತ್ತಾರೆ. ಒಳ್ಳೇ ಮಕ್ಕಳು. ಬಂದ ವಾರದಲ್ಲೇ ವಾಟ್ಸಾಪ್ ಗುಂಪು ಮಾಡುತ್ತಾರೆ, ಬೀಜೋಪಚಾರ ತೋರಿಸುತ್ತಾರೆ, ಗುಂಪಿನಲ್ಲಿ ವಿಡಿಯೋ ಹಾಕುತ್ತಾರೆ. ಅವರು ಊರು ಬಿಟ್ಟ ಮೇಲೆ ಆ ಗುಂಪಿನಲ್ಲಿ ಉಳಿಯುವುದು ಶುಭೋದಯ, ಹುಟ್ಟುಹಬ್ಬ, ರಾಜಕೀಯ. ಹುಡುಗರ ತಪ್ಪಲ್ಲ ಅದು. ಊರಿನವರಲ್ಲಿ ಒಬ್ಬರು ಅದರ ಹೊಣೆ ಹೊರಲಿಲ್ಲ.

ಗುಂಪಿಗೆ ಊರಿನವರೇ ಒಬ್ಬ ಮೇಟಿ ಬೇಕು. ಬಂದ ಪ್ರಶ್ನೆಯಲ್ಲಿ ಏನು ಕಮ್ಮಿ ಇದೆ ಅಂತ ನೋಡಿ ಕೇಳಿಸಿಕೊಂಡು, ಒಂದೇ ತೊಂದರೆ ಐದು ಜನಕ್ಕೆ ಇದ್ದರೆ ಒಟ್ಟಿಗೆ ಸೇರಿಸಿ, ತಜ್ಞರಿಗೆ ಒಂದೇ ಸಲ ಕಳಿಸುವವರು. ಐದು ಗದ್ದೆಯ ಸುದ್ದಿ ಒಟ್ಟಿಗೆ ಬಂದರೆ ತಜ್ಞರೂ ಎದ್ದು ಕೂರುತ್ತಾರೆ. ಒಬ್ಬರ ಫೋನು ಕಿರಿಕಿರಿ, ಐದು ಜನರದ್ದು ಸುದ್ದಿ. ಆಮೇಲೆ ಹದಿನೈದು ದಿನ ಬಿಟ್ಟು, ಹೇಳಿದ್ದು ಮಾಡಿದಿರಾ, ಏನಾಯಿತು ಅಂತ ಕೇಳಿ ಅದನ್ನೂ ತಿರುಗಿ ತಿಳಿಸಬೇಕು. ಇದನ್ನು ನಾವು ಮಾಡುವುದೇ ಇಲ್ಲ. ವಾಸಿ ಆದರೆ ಮರೆಯುತ್ತೇವೆ, ಆಗದಿದ್ದರೆ ಬೈಯುತ್ತೇವೆ. ಕೊಟ್ಟ ಉತ್ತರ ಸರಿಯೋ ತಪ್ಪೋ ಅಂತ ತಜ್ಞರಿಗೆ ತಿಳಿಯುವುದು ಹೇಗೆ? ಪಕ್ಕದ ಜಿಲ್ಲೆಯ ಕೇಂದ್ರಕ್ಕೆ ಅವರು ಏನಂತ ಹೇಳುತ್ತಾರೆ?

ವಿಡಿಯೋ ಪಾಠಕ್ಕೂ ಇದೇ ಮಾತು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರು ಗ್ರೀನ್ ಫೌಂಡೇಶನ್ ಜೊತೆ ಸೇರಿ 'ಡಿಜಿಟಲ್ ಗ್ರೀನ್' ಎಂಬ ಪ್ರಯೋಗ ಶುರು ಮಾಡಿದರು, ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ. ಹೊರಗಿನ ವಿಡಿಯೋ ಅಲ್ಲ. ಅದೇ ಸೀಮೆಯ ರೈತರು ಅವರ ಹೊಲದಲ್ಲೇ ಮಾಡಿ ತೋರಿಸಿದ್ದು. ಸಂಜೆ ಹೊತ್ತು ಜನ ಸೇರಿದಾಗ ಊರಿನವರೇ ಒಬ್ಬರು ವಿಡಿಯೋ ಹಾಕಿ, ನಡುವೆ ನಿಲ್ಲಿಸಿ, ಕೇಳಿ, ಚರ್ಚೆ ಮಾಡಿಸುತ್ತಿದ್ದರು. 16 ಹಳ್ಳಿಯ ಈ ಪ್ರಯೋಗದಲ್ಲಿ, ಹಳೇ ಭೇಟಿ ಪದ್ಧತಿಗಿಂತ 7 ಪಟ್ಟು ಹೆಚ್ಚಾಗಿ ಜನ ಹೊಸ ಕ್ರಮ ಅಳವಡಿಸಿಕೊಂಡರು ಅಂತ ಅವರ ವರದಿ. ಅದಕ್ಕೆ ಕಾರಣ ಪರದೆ ಒಂದೇ ಅಲ್ಲ, ನಡುವೆ ನಿಲ್ಲಿಸಿ ಕೇಳಿದ ಆ ಮನುಷ್ಯನೂ ಹೌದು ಅಂತ ನನ್ನ ಅನಿಸಿಕೆ.

ಅಂಗಡಿ ಎಂಬ ವಿಶ್ವವಿದ್ಯಾಲಯ

ಇಷ್ಟೆಲ್ಲಾ ಹೇಳಿದರೂ ನಾವು ಮೊದಲು ಹೋಗುವುದು ಔಷಧಿ ಅಂಗಡಿಗೆ. ಅಂಗಡಿ ಭಾನುವಾರವೂ ತೆರೆದಿರುತ್ತದೆ, ಉದ್ದರಿ ಕೊಡುತ್ತದೆ, ಉತ್ತರ ಕೂಡಲೇ ಸಿಗುತ್ತದೆ. ಇದನ್ನು ತಿಳಿದೇ ಹೈದರಾಬಾದಿನ 'ಮ್ಯಾನೇಜ್' ಸಂಸ್ಥೆ 2003ರಿಂದ ಅಂಗಡಿಯವರಿಗೆ 'ದೇಸಿ' ಎಂಬ ಒಂದು ವರ್ಷದ ಡಿಪ್ಲೊಮಾ ನಡೆಸುತ್ತಿದೆ. ವಾರಕ್ಕೊಂದು ದಿನ, 48 ವಾರ. ಅದನ್ನು ಮಾಡಿದ ಅಂಗಡಿಯವರು ನಿಮ್ಮ ಪೇಟೆಯಲ್ಲಿ ಇದ್ದರೆ ಅವರನ್ನೂ ಗುಂಪಿಗೆ ಸೇರಿಸಿಕೊಳ್ಳಿ. ಆದರೆ ತಜ್ಞರು ಹೇಳಿದ ಔಷಧಿಯ ತಾಂತ್ರಿಕ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ. 'ಅದೇ ತರದ್ದು, ಇನ್ನೂ ಒಳ್ಳೇದು' ಅಂದರೆ ಡಬ್ಬಿಯ ಮೇಲಿನ ಹೆಸರನ್ನು ಚೀಟಿಗೆ ಹೋಲಿಸಿ ನೋಡಿ.

ಫೋನು ಯಾರ ಕೈಲಿರುತ್ತದೆ ಎಂಬುದೂ ಯೋಚಿಸಬೇಕಾದ್ದೇ. ನಾಟಿ, ಕಳೆ ಎರಡೂ ಹೆಂಗಸರ ಕೆಲಸ. ಬುಡದಲ್ಲಿ ಹುಳು ಮೊದಲು ಕಾಣುವುದು ಬಗ್ಗಿ ಕಳೆ ಕೀಳುವ ಅವರಿಗೆ. ಫೋನು ಮಾತ್ರ ಮಗನ ಜೇಬಿನಲ್ಲಿ, ಮಗ ಬೆಂಗಳೂರಿನಲ್ಲಿ! ಕಳೆ ತೆಗೆಯುವ ದಿನ ಒಂದು ಫೋನು ಗದ್ದೆಯಲ್ಲೇ ಇರಲಿ.

ಫೋಟೋ ಕಳಿಸಲು ಆಗದವರಿಗೆ ಕಿಸಾನ್ ಕಾಲ್ ಸೆಂಟರ್ ಉಂಟು. 2004ರ ಜನವರಿಯಲ್ಲಿ ಶುರುವಾದದ್ದು. ಸಂಖ್ಯೆ 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ, ಬಟನ್ ಫೋನೂ ಆಗುತ್ತದೆ. ಅಲ್ಲಿ ಗದ್ದೆ ಕಾಣುವುದಿಲ್ಲವಾದ್ದರಿಂದ ಮೇಲೆ ಹೇಳಿದ ವಿವರಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕರೆ ಮಾಡಿ. ಮಳೆಯ ಮುನ್ಸೂಚನೆಗೆ ಹವಾಮಾನ ಇಲಾಖೆಯ 'ಮೇಘದೂತ' ಆ್ಯಪ್ ಇದೆ, ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಹೊಸ ಸಲಹೆ ಬರುತ್ತದೆ. ಔಷಧಿ ಹೊಡೆಯುವ ಹಿಂದಿನ ದಿನ ಅದನ್ನು ಒಮ್ಮೆ ನೋಡಿದರೆ ಹೊಡೆದದ್ದು ಮಳೆಗೆ ತೊಳೆದು ನಾಲೆಗೆ ಹೋಗುವುದು ತಪ್ಪುತ್ತದೆ.