ಬೆಲ್ಲದ ವ್ಯಾಪಾರಕ್ಕೆ ವಾಟ್ಸಾಪ್: ತರಬೇತಿ ಶಿಬಿರ ನಡೆಸುವ ಬಗೆ

ಆಲೆಮನೆ ಇಟ್ಟುಕೊಂಡವರು, ಸಿರಿಧಾನ್ಯದ ಹಿಟ್ಟು ಮಾಡಿ ಮಾರುವವರು, ಮಾವಿನ ತೋಟದವರು ಈಗ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಮೂಲಕ ತಮ್ಮ ಸರಕನ್ನು ನೇರವಾಗಿ ಗಿರಾಕಿಗೆ ಮುಟ್ಟಿಸಲು ಮುಂದಾಗಿದ್ದಾರೆ. ಇದನ್ನು ಕಲಿಸಲೆಂದು ರೈತ ಉತ್ಪಾದಕ ಸಂಸ್ಥೆಗಳೂ ಸ್ತ್ರೀಶಕ್ತಿ ಸಂಘಗಳೂ ತರಬೇತಿ ಶಿಬಿರ ಏರ್ಪಡಿಸುವುದುಂಟು. ಆದರೆ ಅನೇಕ ಕಡೆ ನಡೆಯುವುದು ಭಾಷಣ: ನೂರು ಜನ, ಪರದೆಯ ಮೇಲೆ ಚಿತ್ರ, ಮಧ್ಯಾಹ್ನದ ಊಟ, ಸಂಜೆಗೆ ಪ್ರಮಾಣಪತ್ರ. ಪೈರು ನಾಟಿ ಮಾಡುವುದನ್ನು ಕಪ್ಪುಹಲಗೆಯ ಮೇಲೆ ಕಲಿಸಲಾಗದು, ಇದೂ ಹಾಗೆಯೇ. ನಿಮ್ಮ ಸಂಘ ಇಂಥ ಶಿಬಿರ ನಡೆಸುವುದಾದರೆ ಗಮನಿಸಬೇಕಾದ ಅಂಶಗಳನ್ನು ಬೆಲ್ಲದ ವ್ಯಾಪಾರದ ಉದಾಹರಣೆಯೊಂದಿಗೆ ಇಲ್ಲಿ ತಿಳಿಸಲಾಗಿದೆ.

ಒಂದು ತಂಡಕ್ಕೆ ಹದಿನೈದು ಜನರಿಗಿಂತ ಹೆಚ್ಚು ಬೇಡ. ಪ್ರತಿಯೊಬ್ಬರೂ ತಮ್ಮ ಫೋನು, ಚಾರ್ಜರ್ ಹಾಗೂ ಮಾರುವ ಬೆಲ್ಲದ ಮಾದರಿಯನ್ನು ತರಬೇಕು. ಮನೆಯಲ್ಲಿ ಗಿರಾಕಿಗಳಿಗೆ ಉತ್ತರ ಕೊಡುವವರು ಮಗನೋ ಸೊಸೆಯೋ ಆಗಿದ್ದರೆ ಅವರನ್ನೇ ಕರೆಯಿರಿ. ಗೌರವಕ್ಕೆಂದು ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸುವುದರಿಂದ ಪ್ರಯೋಜನವಿಲ್ಲ. ಕಲಿಸುವವರು ಈಗಾಗಲೇ ಹೀಗೆ ಮಾರಿ ಅನುಭವವಿರುವ ಸಮೀಪದ ರೈತರಾದರೆ ಉತ್ತಮ.

ಮೊದಲ ದಿನ ಒಂದೇ ಸಾಧನ ಸಾಕು. ವಾಟ್ಸಾಪ್ ಬಿಸಿನೆಸ್ 2018ರಿಂದ ಬಳಕೆಯಲ್ಲಿದ್ದು, ಸಣ್ಣ ವ್ಯಾಪಾರಿಗಳಿಗೆ ಉಚಿತವಾಗಿ ದೊರೆಯುತ್ತದೆ. ಅಂಗಡಿಯ ಹೆಸರು, ಊರು, ಅಚ್ಚು ಬೆಲ್ಲ, ಉಂಡೆ ಬೆಲ್ಲ, ಪುಡಿ ಬೆಲ್ಲಗಳ ಚಿತ್ರ, ತೂಕ ಮತ್ತು ಬೆಲೆಯನ್ನು ಪ್ರತಿಯೊಬ್ಬರೂ ತಮ್ಮ ಕೈಯಾರೆ ತುಂಬಲಿ. ತರಬೇತುದಾರರು ಫೋನು ಕಿತ್ತುಕೊಂಡು ತಾವೇ ತುಂಬಿಕೊಡಬಾರದು. ಬೇಗ ಮುಗಿಯುತ್ತದೆ, ಆದರೆ ಯಾರೂ ಕಲಿಯುವುದಿಲ್ಲ. ಒಂದೇ ಸಂದೇಶವನ್ನು ಹಲವರಿಗೆ ಕಳಿಸುವ ಪ್ರಸಾರ ಪಟ್ಟಿಯ ಒಂದು ಗುಟ್ಟನ್ನೂ ತಿಳಿಸಬೇಕು. ಗಿರಾಕಿ ನಿಮ್ಮ ನಂಬರನ್ನು ತನ್ನ ಫೋನಿನಲ್ಲಿ ಉಳಿಸಿಕೊಂಡಿರದಿದ್ದರೆ ಆ ಸಂದೇಶ ಅವನಿಗೆ ತಲುಪುವುದೇ ಇಲ್ಲ. ಆದ್ದರಿಂದ ಮಾರುವಾಗಲೇ ನಂಬರ್ ಉಳಿಸಿಕೊಳ್ಳಲು ಕೇಳಿಕೊಳ್ಳಬೇಕು.

ಚಿತ್ರ ತೆಗೆಯುವ ಪಾಠಕ್ಕೆ ಹೆಚ್ಚು ಹೊತ್ತು ಕೊಡಿ. ಬೆಳಗಿನ ಬೆಳಕಿನಲ್ಲಿ, ನೆರಳಿನಲ್ಲಿ, ಅಚ್ಚನ್ನು ಒಡೆದು ಒಳಭಾಗ ಕಾಣುವಂತೆ ತೆಗೆಯಬೇಕು. ಹೈಡ್ರೋಸ್ ಹಾಕಿದ ಬೆಲ್ಲ ಹಳದಿಯಾಗಿ ಹೊಳೆಯುತ್ತದೆ, ಹಾಕದ್ದು ಕಂದಾಗಿರುತ್ತದೆ. ಪೇಟೆಯ ಗಿರಾಕಿಗೆ ಇದು ತಿಳಿಯದು. ಕಂದು ಬಣ್ಣಕ್ಕೆ ಕಾರಣವನ್ನು ಚಿತ್ರದ ಕೆಳಗೆ ಎರಡು ಸಾಲಿನಲ್ಲಿ ಬರೆಯಲು ಕಲಿಸಿ. ಫೋನಿನಲ್ಲೇ ಬಣ್ಣ ತಿದ್ದಿ ಹೊಳಪು ಕೊಟ್ಟರೆ ಪೊಟ್ಟಣ ಬಿಚ್ಚಿದ ದಿನವೇ ಗಿರಾಕಿ ಕೈತಪ್ಪುತ್ತಾನೆ. ಹಾಗೆಂದು ಕಪ್ಪಾಗಿದ್ದದ್ದೆಲ್ಲ ಶುದ್ಧವೆನ್ನುವುದೂ ಸರಿಯಲ್ಲ. ಪಾಕ ಮಿತಿಮೀರಿದರೂ, ಕಬ್ಬಿನ ತಳಿ ಮತ್ತು ಮಣ್ಣಿನ ಗುಣದಿಂದಲೂ ಬಣ್ಣ ಬದಲಾಗುತ್ತದೆ.

"ಸಕ್ಕರೆ ಕಾಯಿಲೆ ಇದ್ದವರೂ ತಿನ್ನಬಹುದು" ಎಂಬ ಬರಹ ಬೆಲ್ಲದ ಜಾಹೀರಾತುಗಳಲ್ಲಿ ಕಾಣಸಿಗುತ್ತದೆ. ಇದು ಸುಳ್ಳು, ಬೆಲ್ಲದಲ್ಲಿರುವುದು ಬಹುಪಾಲು ಸಕ್ಕರೆಯೇ. ನಂಬಿ ತಿಂದವರ ಆರೋಗ್ಯ ಕೆಡುವುದಲ್ಲದೆ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಫೋನಿನಲ್ಲಿ ಹಾಕಿದ್ದೂ ಜಾಹೀರಾತೇ. ಪೊಟ್ಟಣದ ಮೇಲೆ 14 ಅಂಕಿಗಳ ನೋಂದಣಿ ಸಂಖ್ಯೆ ಇರಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡಿ.

ಹಣದ ಪಾಠವನ್ನು ನಾಟಕ ಆಡಿಸಿ ಕಲಿಸುವುದು ಮೇಲು. ಒಬ್ಬ ಶಿಬಿರಾರ್ಥಿ ದೊಡ್ಡ ಗಿರಾಕಿಯ ವೇಷ ಹಾಕಲಿ. "ಎರಡು ಕ್ವಿಂಟಾಲ್ ಬೇಕು, ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನಲಿ. ಇನ್ನೊಬ್ಬರು ಉತ್ತರಿಸಲಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ನಿಮ್ಮ ಖಾತೆಯಿಂದಲೇ ಹೋಗುತ್ತದೆ. ಕೇಳಿದಾಗ ಎಲ್ಲರೂ ಗೊತ್ತು ಎನ್ನುತ್ತಾರೆ, ದೊಡ್ಡ ಬೇಡಿಕೆ ಬಂದ ಸಂಭ್ರಮದಲ್ಲಿ ಮರೆಯುತ್ತಾರೆ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಆ ನಂಬರನ್ನು ಶಿಬಿರದಲ್ಲೇ ಎಲ್ಲರ ಫೋನಿಗೆ ಹಾಕಿಸಿ.

ಹದಿನೈದು ದಿನದ ನಂತರ ಅದೇ ತಂಡವನ್ನು ಮತ್ತೆ ಸೇರಿಸಬೇಕು. ಇದನ್ನು ಬಿಟ್ಟರೆ ಮೊದಲ ದಿನದ ಖರ್ಚು ವ್ಯರ್ಥ. ಎಷ್ಟು ಜನ ವಿಚಾರಿಸಿದರು, ಎಷ್ಟು ಹೊತ್ತಿಗೆ ಉತ್ತರ ಕೊಟ್ಟಿರಿ, ಎಷ್ಟು ಕಿಲೋ ಹೋಯಿತು, ಯಾವ ದೂರು ಬಂತು ಎಂಬುದನ್ನು ಪುಸ್ತಕದಲ್ಲಿ ಬರೆದು ತರಲಿ. ಸಾಗಣೆಯ ಲೆಕ್ಕ ಆಗ ಹೊರಬೀಳುತ್ತದೆ. ಒಂದು ಕಿಲೋ ಬೆಲ್ಲವನ್ನು ಕೊರಿಯರ್‌ನಲ್ಲಿ ಕಳಿಸಿದರೆ ಅದರ ಖರ್ಚು ಬೆಲ್ಲದ ಬೆಲೆಯನ್ನೇ ಮೀರಬಹುದು. ಐದು ಕಿಲೋಗೆ ಕಡಿಮೆ ಕಳಿಸದಿರುವುದು, ಅಥವಾ ಒಂದು ಬಡಾವಣೆಯ ಬೇಡಿಕೆಗಳನ್ನೆಲ್ಲ ಕೂಡಿಸಿ ಒಂದೇ ಗಾಡಿಯಲ್ಲಿ ಒಯ್ಯುವುದು ಲಾಭಕರ. ಮಳೆಗಾಲದಲ್ಲಿ ಬೆಲ್ಲ ತೇವ ಹೀರಿ ನೀರೊಡೆಯುವುದರಿಂದ ಗಾಳಿಯಾಡದ ಪೊಟ್ಟಣವಿಲ್ಲದೆ ದೂರದ ಬೇಡಿಕೆ ಒಪ್ಪಿಕೊಳ್ಳದಿರುವುದೇ ಲೇಸು.

ಏನನ್ನೂ ಹಾಕದೆ ಬಂದವರು ಇಬ್ಬರು ಮೂವರು ಇದ್ದೇ ಇರುತ್ತಾರೆ. ಅವರನ್ನು ಎಲ್ಲರ ಮುಂದೆ ಕೇಳಬೇಡಿ. ಊಟದ ನಂತರ ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಚಿತ್ರವನ್ನು ಅವರಿಂದಲೇ ಹಾಕಿಸಿ. ಗಾಣ ಆಡುವ ದಿನಗಳಲ್ಲಿ ಮಾತ್ರ ಶಿಬಿರ ಇಡಬೇಡಿ, ಕೊಪ್ಪರಿಗೆ ಬಿಟ್ಟು ಯಾರೂ ಬರುವುದಿಲ್ಲ.